ನಂಜಮ್ಮನ ಪಕ್ಕ ಇಟ್ಟು ಓದಿದ ಸೆಲ್ಫ್ ಹೆಲ್ಪ್ ಪುಸ್ತಕಗಳು

ನಾನು ಕಾದಂಬರಿನೂ ಓದ್ತೀನಿ, ಸೆಲ್ಫ್ ಹೆಲ್ಪ್ ಪುಸ್ತಕಾನೂ ಓದ್ತೀನಿ. ಸಾಹಿತ್ಯ ಓದೋ ಗೆಳೆಯರು ಎರಡನೇದಕ್ಕೆ ಮೂಗು ಮುರೀತಾರೆ, ಆಫೀಸಲ್ಲಿ ಮೊದಲನೇದಕ್ಕೆ ಅಷ್ಟು ಟೈಮ್ ಎಲ್ಲಿರುತ್ತೆ ಅಂತಾರೆ. ಆದ್ರೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನಾನು ಪೂರ್ತಿ ಓದಿದ್ದೇ ಜೇಮ್ಸ್ ಕ್ಲಿಯರ್ ಬರೆದ 'ಅಟಾಮಿಕ್ ಹ್ಯಾಬಿಟ್ಸ್' ಅನ್ನೋ ಸೆಲ್ಫ್ ಹೆಲ್ಪ್ ಪುಸ್ತಕದ ದೆಸೆಯಿಂದ.

ಅದರಲ್ಲಿ ಎರಡು ನಿಮಿಷದ ರೂಲ್ ಅಂತ ಬರುತ್ತೆ, ಹೊಸ ಅಭ್ಯಾಸ ಯಾವುದೇ ಇರಲಿ ಶುರುನಲ್ಲಿ ಎರಡೇ ನಿಮಿಷದ್ದು ಮಾಡ್ಕೊಳ್ಳಿ ಅಂತ. ದಿನಾ ಮಾಡೋ ಯಾವುದಾದ್ರೂ ಕೆಲಸದ ಬೆನ್ನಿಗೆ ಅದನ್ನ ಕಟ್ಟಿ ಅಂತಾನೂ ಅದೇ ಪುಸ್ತಕ ಹೇಳುತ್ತೆ. ನಾನು ರಾತ್ರಿ ಊಟ ಆಗಿ ತಟ್ಟೆ ತೊಳೆದಿಟ್ಟ ತಕ್ಷಣ ಒಂದು ಪುಟ ಅಂತ ಇಟ್ಕೊಂಡೆ, ಫೋನು ಅಡುಗೆಮನೇಲೇ ಚಾರ್ಜಿಗೆ. ಒಂದು ಪುಟ ಅಂತ ಕೂತ್ರೂ ಗುತ್ತಿ ಮತ್ತೆ ಅವನ ನಾಯಿ ಹುಲಿಯನ ಹಿಂದೆ ಕಾಡು ಹೊಕ್ಕ ಮೇಲೆ ಎಲ್ಲಿ ಏಳೋದು! ಪಾತ್ರಗಳು ಸಿಕ್ಕಾಪಟ್ಟೆ ಇವೆ, ಸಿಂಬಾವಿ ಯಾವುದು ಬೆಟ್ಟಳ್ಳಿ ಯಾವುದು ಅಂತ ತಲೆ ಕೆಡುತ್ತೆ, ಅದಕ್ಕೆ ಕೊನೆಯ ಖಾಲಿ ಹಾಳೇಲಿ ಪೆನ್ಸಿಲಲ್ಲಿ ಊರು, ಮನೆ, ಯಾರು ಯಾರ ಕಡೆಯವರು ಅಂತ ಬರ್ಕೊಂಡೆ. ಕಾದಂಬರಿಯ ಅರ್ಧ ಸುಖ ಆ ಹಾಳೇಲಿತ್ತು ಅನ್ಸುತ್ತೆ.

ನನ್ನ ಓದೋ ರೀತಿನೇ ಬದಲಾಯಿಸಿದ್ದು ಮಾತ್ರ ಭೈರಪ್ಪನವರ 'ಗೃಹಭಂಗ', 1970ರದ್ದು. ಆ ಹೊತ್ತಿಗೆ ಸ್ಟೀಫನ್ ಕೋವಿಯ ಏಳು ಅಭ್ಯಾಸಗಳ ಪುಸ್ತಕಾನೂ ಓದ್ತಿದ್ದೆ, ನಮ್ಮ ಕೈಲಿ ಇಲ್ಲದ್ದರ ಚಿಂತೆ ಬಿಟ್ಟು ಕೈಲಿರೋದರ ಮೇಲೆ ಕೆಲಸ ಮಾಡಿದ್ರೆ ಆ ವ್ಯಾಪ್ತಿ ಹಿಗ್ಗುತ್ತೆ ಅನ್ನೋದು ಅದರ ಮೊದಲ ಪಾಠ. ಗೃಹಭಂಗದಲ್ಲಿ ನೋಡಿದ್ರೆ ನಾಯಕಿ ನಂಜಮ್ಮ ಅದನ್ನೇ ಮಾಡ್ತಿದ್ದಾಳೆ, ಗಂಡ ಚೆನ್ನಿಗರಾಯನ ಹೆಸರಲ್ಲಿರೋ ಶಾನುಭೋಗಿಕೆಯ, ಅಂದ್ರೆ ಊರಿನ ಕಂದಾಯದ ಲೆಕ್ಕ ತಾನೇ ಬರೀತಾಳೆ, ಮುತ್ತುಗದ ಎಲೆ ಹಚ್ಚಿ ನಾಕು ಕಾಸು ಸಂಪಾದಿಸ್ತಾಳೆ, ಗಂಡ ತನ್ನ ಹೊಟ್ಟೆ ಬಿಟ್ಟು ಬೇರೆ ಯೋಚನೆ ಮಾಡಲ್ಲ, ಅತ್ತೆ ಗಂಗಮ್ಮನ ಬಾಯಿ ಬೇರೆ. ಇಷ್ಟೆಲ್ಲ ಸರಿಯಾಗಿ ಮಾಡಿದವಳ ಇಬ್ಬರು ಮಕ್ಕಳನ್ನ ಪ್ಲೇಗು ಕಿತ್ಕೊಳ್ಳುತ್ತೆ. ಆ ಪುಟಗಳನ್ನ ಓದಿ ಪುಸ್ತಕ ಮುಚ್ಚಿಟ್ಟೆ, ಒಂದಷ್ಟು ದಿನ ಮುಟ್ಟೋಕಾಗ್ಲಿಲ್ಲ.

ಅವತ್ತಿಂದ ಸೆಲ್ಫ್ ಹೆಲ್ಪ್ ಯಾವುದನ್ನೇ ಓದಿದ್ರೂ ಈ ಮಾತನ್ನ ನಂಜಮ್ಮನಿಗೆ ಹೇಳೋಕಾಗುತ್ತಾ ಅಂತ ಕೇಳ್ಕೋತೀನಿ. ದಿನಕ್ಕೆ ಒಂದು ಪರ್ಸೆಂಟ್ ಸುಧಾರಿಸಿದ್ರೆ ವರ್ಷಕ್ಕೆ ಸುಮಾರು 37 ಪಟ್ಟು ಅಂತ ಕ್ಲಿಯರ್ ಲೆಕ್ಕ ಕೊಡ್ತಾರೆ, ಗಣಿತ ಸರಿ, ಆದ್ರೆ ಕೂಡಿಟ್ಟಿದ್ದನ್ನ ತಿಂದು ತೇಗೋರು ಮನೇಲೇ ಇದ್ರೆ ಆ ಲೆಕ್ಕ ನಡೆಯಲ್ಲ. ಅದೇ ಪುಸ್ತಕದಲ್ಲಿ ಮನಸ್ಸಿನ ಗಟ್ಟಿತನಕ್ಕಿಂತ ಸುತ್ತಲ ವಾತಾವರಣ ದೊಡ್ಡದು ಅನ್ನೋ ಭಾಗ ಇದೆಯಲ್ಲ, ಅದನ್ನ ನಂಜಮ್ಮ ಖಂಡಿತ ಒಪ್ತಿದ್ಳು, ತನ್ನದೇ ಒಂದು ಸೂರು ಬೇಕು ಅಂತ ಅವಳು ಹಂಬಲಿಸಿದ್ದು ಇನ್ಯಾಕೆ. ಹಿಂಗೆ ಓದಿದ್ರೆ ಈ ಪುಸ್ತಕಗಳಲ್ಲಿ ಉಳಿಸ್ಕೊಳ್ಳೋದು ಯಾವುದು, ಬಿಡೋದು ಯಾವುದು ಅಂತ ಬೇಗ ಗೊತ್ತಾಗುತ್ತೆ. ಗೆದ್ದವರ ಕಥೆಗಳನ್ನ ಈಗ ದಾಟಿಸಿ ಹೋಗ್ತೀನಿ, ವಿಧಾನ ಹೇಳೋ ಪುಟಗಳಿಗೆ ಮಾತ್ರ ಪೆನ್ಸಿಲ್ ಗೆರೆ.

ಹೊಸದಾಗಿ ಓದೋರು ಮದುಮಗಳಿಂದ ಶುರು ಮಾಡ್ಬೇಡಿ, ಗೃಹಭಂಗ ಮೊದಲು ತಗೊಳ್ಳಿ, ಭಾಷೆ ನೇರ ಇದೆ, ಕೈ ಬಿಡಲ್ಲ. ಆಮೇಲೆ ಕಾರಂತರ 'ಮರಳಿ ಮಣ್ಣಿಗೆ', ಅಲ್ಲಿ ನಾಗವೇಣಿ ಸಿಗ್ತಾಳೆ, ಅವಳ ಬಗ್ಗೆ ಬರೆಯೋಕೆ ಕೂತ್ರೆ ಇಷ್ಟೇ ಉದ್ದ ಇನ್ನೊಂದು ಬೇಕು.