ಬೀಜ ಕಾಯುವವಳ ಮಾತಿಗೂ ಬೆಲೆ ಇರುವಂತೆ ಬೀಜ ಬ್ಯಾಂಕ್ ಮಾಡುವುದು ಹೇಗೆ

ನಮ್ಮ ಕುಂದಗೋಳ ಕಡೆ ಮಳೆಯನ್ನು ನಂಬಿ ಕೂರಿಗೆ ಹೂಡುವ ಕಾಲ ಹೋಯಿತು. ಮೃಗಶಿರಾ ಕೈಕೊಡುತ್ತದೆ, ಹೆಸರುಕಾಯಿ ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿಯುತ್ತದೆ. ಊರಿನ ಬೀಜ ಕೂಡಿಟ್ಟು ಬಿತ್ತಲು ಸಾಲ ಕೊಡುವ ಬೀಜ ಬ್ಯಾಂಕ್ ಮಾಡುತ್ತೇವೆ ಎನ್ನುವ ಸಂಘದ ಅಕ್ಕತಂಗಿಯರಿಗೆ ನಾನು ಹೇಳುವುದಿಷ್ಟು: ಗಡಿಗೆ ಕೊಳ್ಳುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಟ್ಟಿ ಬರೆಯಿರಿ.

ಸಾವೆಯಂಥ ಸಿರಿಧಾನ್ಯ ಬೆಳೆಯಲು ಯಾರು ಏನು ಮಾಡುತ್ತಾರೆ? ಹರಗುವುದು, ಕೂರಿಗೆ ಹಿಡಿಯುವುದು, ಮಾರುವುದು ಗಂಡಸರು. ಕೂರಿಗೆಗೆ ಕಾಳು ಬಿಡುವುದು, ಕಸ ತೆಗೆಯುವುದು, ಹಸನು ಮಾಡುವುದು, ಬೀಜ ಕಟ್ಟಿಡುವುದು ನಾವು. ಪಕ್ಕದಲ್ಲೇ ಇನ್ನೊಂದು ಸಾಲು ಎಳೆದು, ಯಾರ ಮಾತು ನಡೆಯುತ್ತದೆ ಎಂದು ಬರೆಯಿರಿ. ಗದ್ದಲ ಆಗುತ್ತದೆ, ಆಗಲಿ. ನಮ್ಮಲ್ಲಿ ಹಿರಿಯರೊಬ್ಬರು, “ಏನ್ ಬಿತ್ತಬೇಕು ಅಂತ ನಾವು ಹೇಳ್ತೀವಿ, ನೀವು ಬೀಜ ಕೊಡ್ರಿ ಸಾಕು” ಎಂದರು. “ಯಾವ ಗಡಿಗ್ಯಾಗ ಯಾವ ಬೀಜ ಐತಿ ಹೇಳ್ರಿ ನೋಡೂಣು, ಮಾವಾರ” ಎಂದಳು ಅವರ ಸೊಸೆ. ಆಮೇಲೆ ಮಾತು ಹದಕ್ಕೆ ಬಂತು. ಅಂದಹಾಗೆ, ಸಭೆ ಗುಡಿಕಟ್ಟೆಯ ಮೇಲೆ ಬೇಡ. ಅಲ್ಲಿ ಸೊಸೆಯಂದಿರು ಬಾಯಿ ಬಿಡುವುದಿಲ್ಲ. ಅಂಗನವಾಡಿಯ ಪಡಸಾಲೆ ಒಳ್ಳೆಯದು, ಅದೂ ರಾತ್ರಿ ಊಟವಾದ ಮೇಲೆ.

ಬೀಜವನ್ನು ರಾಶಿಯಿಂದ ಎತ್ತಿಡಬೇಡಿ. ಪೈರು ನಿಂತಿರುವಾಗಲೇ ಹೊಲದ ನಡುವಿನ ತುಂಬಿದ, ರೋಗವಿಲ್ಲದ ತೆನೆಗೆ ದಾರ ಕಟ್ಟಿ ಬೇರೆ ಕೊಯ್ಯಿರಿ. ಚೆನ್ನಾಗಿ ಒಣಗಿಸಿ, ಬೂದಿ ಮತ್ತು ಒಣ ಬೇವಿನೆಲೆ ಬೆರೆಸಿ ಗಡಿಗೆಗೆ ಹಾಕಿ, ಬಾಯಿಗೆ ಸಗಣಿ ಮೆತ್ತಿ. ಬಿತ್ತನೆಗೆ ಮೊದಲು 100 ಕಾಳು ಎಣಿಸಿ ಹಸಿ ಗೋಣಿಯಲ್ಲಿ ಸುತ್ತಿಡಿ. ವಾರದೊಳಗೆ 75 ಕೂಡ ಮೊಳೆಯದಿದ್ದರೆ ಅದನ್ನು ಯಾರಿಗೂ ಕೊಡಬೇಡಿ.

ಈಗ ಯಾರೂ ಎತ್ತದ ಪ್ರಶ್ನೆ: ಬೆಳೆದ ಸಾವೆಯನ್ನು ಅಕ್ಕಿ ಮಾಡುವವರು ಯಾರು? ಒನಕೆ ಹಿಡಿದು ರಟ್ಟೆ ಸೋತದ್ದಕ್ಕೇ ಎಷ್ಟೋ ಮನೆಯಲ್ಲಿ ಹೆಂಗಸರೇ ಸಾವೆ ಬೇಡವೆಂದರು. ಬರ ತಡೆಯುವ ಬೆಳೆ ಎಂದು ಭಾಷಣ ಮಾಡುವವರಿಗೆ ಇದು ಕಾಣುವುದಿಲ್ಲ. ಹೊಟ್ಟು ತೆಗೆಯುವ ಯಂತ್ರದ ದಾರಿ ಮೊದಲು ನೋಡಿ. ನಮ್ಮ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬೀಜ ಬ್ಯಾಂಕಿನ ಜೊತೆಗೆ ಸಿರಿಧಾನ್ಯ ಸಂಸ್ಕರಣೆಯನ್ನೂ ನಡೆಸುತ್ತಾರೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಹೋಗಿ ನೋಡಿ ಬನ್ನಿ, ಗಂಡಸರನ್ನೂ ಕರೆದೊಯ್ಯಿರಿ. ಬ್ಯಾಂಕಿನ ಕೆಲಸ ಇರುವ ದಿನ ಮನೆಯ ನೀರು, ಮೇವು ಗಂಡಸರ ಪಾಲಿಗೆ ಎಂದು ಆ ಪಟ್ಟಿಯಲ್ಲೇ ಬರೆದುಬಿಡಿ. ಇಲ್ಲವಾದರೆ ಬೀಜ ಬ್ಯಾಂಕ್ ನಮ್ಮ ತಲೆಯ ಮೇಲೆ ಇನ್ನೊಂದು ಬುಟ್ಟಿ ಅಷ್ಟೇ.

ಒಂದು ಸೇರು ಒಯ್ದವರು ಎರಡು ಸೇರು ತಿರುಗಿಸಬೇಕು. ಸಾಲವನ್ನು ಹೊಲದಲ್ಲಿ ದುಡಿಯುವವಳ ಹೆಸರಿಗೆ ಬರೆಯಿರಿ, ಪಹಣಿ ಕೇಳಬೇಡಿ. ಪಹಣಿ ಕೇಳಿದರೆ ಮತ್ತೆ ಗಂಡನ ಹೆಸರೇ ಬರುತ್ತದೆ. ಕೊನೆಯದಾಗಿ, ಬರಗು ಎಂಬ ಸಿರಿಧಾನ್ಯದ ಬೀಜವನ್ನು ಮೊದಲೇ ಹಂಚಿ ಮುಗಿಸಬೇಡಿ. ಅದು ಎರಡೂವರೆ ತಿಂಗಳೊಳಗೆ ಕೈಗೆ ಬರುವ ಬೆಳೆ. ಆರಿದ್ರಾ ಮಳೆಯೂ ಹುಸಿಯಾದ ವರ್ಷ ಬೇಕಾಗುತ್ತದೆ.