ಮನೆಗಿಂತ ಮೊದಲು ಹಿಂದಿನ ಬರೆ ನೋಡುತ್ತೇನೆ

ನಾನು ಸಿವಿಲ್ ಎಂಜಿನಿಯರ್. ಮಡಿಕೇರಿ ಸುತ್ತಮುತ್ತ ಹಳೆ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲು ಒಮ್ಮೆ ನೋಡಿ ಹೇಳಿ ಅಂತ ಕರೆಯುತ್ತಾರೆ. "ಬ್ಯಾಂಕಿನವರು ಬಂದು ನೋಡಿದ್ದಾರಲ್ಲ, ಮತ್ತೆ ಯಾಕೆ?" ಅಂತ ಕೇಳುವವರೂ ಇದ್ದಾರೆ. ಕೊಡುವ ಸಾಲಕ್ಕೆ ತಕ್ಕ ಬೆಲೆ ಆ ಆಸ್ತಿಗೆ ಇದೆಯಾ ಅನ್ನುವುದನ್ನು ಬ್ಯಾಂಕಿನವರು ನೋಡುತ್ತಾರೆ. ಅಡುಗೆಮನೆ ಗೋಡೆ ಯಾಕೆ ಒದ್ದೆಯಾಗಿದೆ ಅಂತ ಹುಡುಕುವುದು ಅವರ ಕೆಲಸ ಅಲ್ಲ.

ಏಪ್ರಿಲ್‌ನಲ್ಲಿ ಮೈಸೂರಿನ ದಂಪತಿ ಹೀಗೇ ಒಂದು ಮನೆಗೆ ಕರೆದುಕೊಂಡು ಹೋದರು. ಮುಂದಿನ ಅರ್ಧಕ್ಕೆ ಮಂಗಳೂರು ಹೆಂಚು, ಹಿಂದೆ ಸೇರಿಸಿ ಕಟ್ಟಿದ ಭಾಗಕ್ಕೆ ತಾರಸಿ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಏಪ್ರಿಲ್‌ನಲ್ಲಿ ಕೊಡಗಿನ ಯಾವ ಮನೆಯಾದರೂ ಚಂದವೇ ಕಾಣುತ್ತದೆ. ಕಾಯಲು ಆಗುವುದಾದರೆ ಜುಲೈನಲ್ಲಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಒಳಗೆ ಕಾಲಿಡದೆ ನೇರ ಹಿತ್ತಲಿಗೆ ಹೋದೆ. ಗುಡ್ಡ ಕಡಿದು ಜಾಗ ಮಟ್ಟ ಮಾಡಿದ್ದರು. ಹಾಗೆ ಕಡಿದು ನಿಂತ ಮಣ್ಣಿನ ಮೈಗೆ ನಾವು ಬರೆ ಅನ್ನುತ್ತೇವೆ. ಇಲ್ಲಿ ಅದು ಹದಿನೈದು ಅಡಿ ಎತ್ತರ ಇತ್ತು, ಅಡುಗೆಮನೆ ಗೋಡೆಗೆ ನಾಲ್ಕೇ ಅಡಿ ದೂರ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ ಈ ನಾಲ್ಕು ಅಡಿಯನ್ನು ಹಗುರವಾಗಿ ನೋಡಲು ನನ್ನಿಂದ ಆಗುವುದಿಲ್ಲ. ಬರೆಯ ಮೇಲೆ ಹತ್ತಿದೆ. ನೆಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆಯಾ, ಮರಗಳು ಕೆಳಗೆ ವಾಲಿವೆಯಾ, ಮೇಲಿನ ತೋಟದ ನೀರು ಎಲ್ಲಿ ಇಳಿಯುತ್ತದೆ, ಇವನ್ನೆಲ್ಲ ನೋಡಿದೆ. ಬಿರುಕು ಇರಲಿಲ್ಲ. ಆದರೆ ಮೇಲೆ ಚರಂಡಿಯೂ ಇರಲಿಲ್ಲ. ಕೆಳಗಿನ ತಡೆಗೋಡೆಯಲ್ಲಿ ನೀರು ಹೊರಬರಲು ಬಿಟ್ಟ ತೂತುಗಳೆಲ್ಲ ಮಣ್ಣು ತುಂಬಿ ಮುಚ್ಚಿದ್ದವು. ಗೋಡೆ ಎಷ್ಟೇ ದಪ್ಪ ಇರಲಿ, ಹಿಂದೆ ನೀರು ನಿಂತರೆ ಅದರ ಒತ್ತಡ ತಡೆಯುವುದು ಕಷ್ಟ. "ಬರೆ ಸರಿ ಇದೆ ಅಂತ ನಾನು ಬರೆದುಕೊಡುವುದಿಲ್ಲ. ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರ್ ಬೇರೆ ಇರುತ್ತಾರೆ, ಅವರನ್ನು ಕರೆಸಿ" ಅಂದೆ.

ಒಳಗೆ ಮೂರು ಗಂಟೆ ಹಿಡಿಯಿತು. ಟಾರ್ಚ್, ರಸಮಟ್ಟ, ತೇವ ಅಳೆಯುವ ಮೀಟರ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್ ಇಷ್ಟೇ ನನ್ನ ಸಾಮಾನು. ಕೊಳ್ಳುವವರು ಜೊತೆಯಲ್ಲೇ ಸುತ್ತಬೇಕು. ರಿಪೋರ್ಟ್ ಓದುವುದಕ್ಕಿಂತ ಕಣ್ಣಾರೆ ನೋಡಿದ್ದು ಜಾಸ್ತಿ ಅರ್ಥ ಆಗುತ್ತದೆ, ಅಲ್ವಾ? ಗಾರೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡು ಆಕೆ ಗಾಬರಿಯಾದರು. ಅದು ಗಾರೆ ಒಣಗುವಾಗ ಬಿಟ್ಟದ್ದು, ಹೆದರಬೇಡಿ ಅಂದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಅಗಲವಾಗುವ ಬಿರುಕು ಬೇರೆ. ಪಾಯ ಒಂದು ಕಡೆ ಕುಸಿಯುತ್ತಿರಬಹುದು. ಅಂಥದ್ದು ಹಿಂದಿನ ಕೋಣೆಯಲ್ಲಿ ಒಂದಿತ್ತು, ಬಣ್ಣದಡಿ.

ಅಟ್ಟ ಹತ್ತಿ ಹೆಂಚು ಹೊತ್ತ ಮರದ ಪಕಾಸುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಎರಡು ಕಡೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಗೆದ್ದಲು. ತಾರಸಿಯ ಮೇಲೆ ಶೀಟ್ ಹಾಕಿಸಿದ್ದರು. ನಮ್ಮ ಮಳೆಗೆ ಅದು ಒಳ್ಳೆಯದೇ. ಆದರೆ ತಾರಸಿ ಮೊದಲೇ ಸೋರಿ ಒಳಗಿನ ಕಬ್ಬಿಣ ತುಕ್ಕು ಹಿಡಿದಿದ್ದರೆ, ಆ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಕಳಚಿ ಬೀಳಿಸುತ್ತದೆ. ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಚಾಕ್‌ನಲ್ಲಿ ಗುರುತು ಹಾಕಿದೆ. ಕರೆಂಟಿನ ವಿಷಯದಲ್ಲಿ ಅರ್ಥಿಂಗ್ ಹಳೆಯದು, ಶಾಕ್ ಹೊಡೆದರೆ ತಾನೇ ಆಫ್ ಆಗುವ ಸ್ವಿಚ್ ಇರಲಿಲ್ಲ. ಒದ್ದೆ ಕೈಯಲ್ಲಿ ಗೀಸರ್ ಹಾಕುವ ಮನೆಗೆ ಅದು ಬೇಕೇ ಬೇಕು.

ಗೋಡೆ ಒಡೆದು ನೋಡುವುದು ನನ್ನ ಕೆಲಸದಲ್ಲಿ ಇಲ್ಲ. ಪಹಣಿ, ಜಮ್ಮಾ ಬಾಣೆ ಅನ್ನುವ ಕೊಡಗಿನ ಹಳೆಯ ಬಗೆಯ ಭೂ ಹಿಡುವಳಿ, ಭೂ ಪರಿವರ್ತನೆ ಇವೆಲ್ಲ ವಕೀಲರ ಪಾಲು. ಪಾಸ್, ಫೇಲ್ ಅಂತಲೂ ನಾನು ಬರೆಯುವುದಿಲ್ಲ. ಈಗಲೇ ಆಗಬೇಕಾದ್ದು, ಮಳೆಗೆ ಮೊದಲು ಆಗಬೇಕಾದ್ದು, ನಿಧಾನವಾಗಿ ಮಾಡಬಹುದಾದ್ದು ಅಂತ ಫೋಟೋ ಸಮೇತ ಕೊಡುತ್ತೇನೆ.

ಮಾರುವ ಯಜಮಾನರು ಇಡೀ ಹೊತ್ತು ಸುಮ್ನೆ ಹಿಂದೆಯೇ ನಡೆಯುತ್ತಿದ್ದರು. ಅವರು ಮಕ್ಕಳನ್ನು ಬೆಳೆಸಿದ ಮನೆ ಅದು. ಹೊರಡುವಾಗ ಕಾಫಿ ಕೊಟ್ಟು, ತಡೆಗೋಡೆ ತೂತುಗಳ ಬಗ್ಗೆ ಮತ್ತೊಮ್ಮೆ ಕೇಳಿದರು. ದಂಪತಿ ಮಳೆಗಾಲ ಮುಗಿಯಲಿ ಅಂತ ಮುಂಗಡ ತಡೆದರು.

ಜುಲೈನಲ್ಲಿ ಯಜಮಾನರ ಫೋನ್ ಬಂತು. "ಎಂಜಿನಿಯರೇ, ನೀವು ಹೇಳಿದ ಹಾಗೆ ತೂತು ಬಿಡಿಸಿದ್ದೆ. ಇಷ್ಟು ದಿನ ತಿಳಿ ನೀರು ಬರ್ತಿತ್ತು. ನಿನ್ನೆಯಿಂದ ಕೆಂಪಾಗಿದೆ." ನೀರು ಕೆಂಪಾಯಿತು ಅಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ. ಈ ರಾತ್ರಿ ಆ ಮನೆಯಲ್ಲಿ ಮಲಗಬೇಡಿ, ಪಂಚಾಯಿತಿಗೂ ತಿಳಿಸಿ ಅಂದೆ. ಸಂಜೆಗೇ ಅವರು ಕುಶಾಲನಗರದ ಮಗಳ ಮನೆಗೆ ಹೋದರು. ಮಳೆ ಬಿಟ್ಟ ಮೇಲೆ ಮಣ್ಣಿನ ಎಂಜಿನಿಯರ್ ಜೊತೆ ಮತ್ತೆ ಹೋಗುತ್ತಿದ್ದೇನೆ. ಈ ಸಲ ಕರೆದಿರುವುದು ಯಜಮಾನರೇ.