ಸಾಂಕ್ರಾಮಿಕ ರೋಗ ಹಬ್ಬಿದಾಗ ಗಡಿನಾಡಿನ ಚರ್ಚುಗಳ ಧರ್ಮಗುರುಗಳು ಮಾಡಬೇಕಾದದ್ದು

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ಬೇಳ, ಮಂಜೇಶ್ವರ, ವರ್ಕಾಡಿಯ ಕಥೋಲಿಕ ಚರ್ಚುಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ, ಅಂದರೆ ಮಂಗಳೂರಿನ ಬಿಷಪರ ಆಡಳಿತ ವ್ಯಾಪ್ತಿಯಲ್ಲೇ ಇವೆ. ಆದ್ದರಿಂದ ರೋಗ ಹಬ್ಬಿದಾಗ ಪೂಜಾವಿಧಿಯ ಸೂಚನೆ ಮಂಗಳೂರಿನ ಧರ್ಮಾಧ್ಯಕ್ಷರಿಂದಲೂ (ಬಿಷಪರಿಂದಲೂ) ಜನ ಸೇರುವುದರ ನಿರ್ಬಂಧ ಕೇರಳ ಸರಕಾರದಿಂದಲೂ ಬರುತ್ತದೆ. ಎರಡರಲ್ಲಿ ಹೆಚ್ಚು ಬಿಗಿಯಾದುದನ್ನೇ ಪಾಲಿಸುವುದೆಂದು ಚರ್ಚಿನ ಪಾಲನಾ ಮಂಡಳಿಯಲ್ಲಿ ಮೊದಲೇ ತೀರ್ಮಾನಿಸಿಕೊಂಡರೆ ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ವಾದಕ್ಕೆ ನಿಲ್ಲಬೇಕಾಗಿಲ್ಲ.

ಅನಂತರದ ಕೆಲಸ ಭಾಷೆಯದು. ಆರೋಗ್ಯ ಇಲಾಖೆಯ ಪ್ರಕಟಣೆಗಳು ಬಹುಮಟ್ಟಿಗೆ ಮಲಯಾಳದಲ್ಲಿರುತ್ತವೆ. ಇಲ್ಲಿನ ಎಷ್ಟೋ ಕೊಂಕಣಿ ಮನೆಗಳ ಹಿರಿಯರು ಓದಲು ಕಲಿತದ್ದು ಕನ್ನಡವನ್ನು. ಪ್ರಕಟಣೆಯ ತಿರುಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಖಚಿತಪಡಿಸಿಕೊಂಡು, ಅರ್ಧ ಪುಟ ಮೀರದಂತೆ ಕನ್ನಡದಲ್ಲಿ ಬರೆಸಿ, ವಾಳೆಯ (ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿನ) ಮುಖಂಡರಾದ ಗುರಿಕಾರರ ಮೂಲಕ ಮನೆಮನೆಗೆ ತಲುಪಿಸಬೇಕು. ಒಂಟಿಯಾಗಿರುವ ವೃದ್ಧರು ಯಾರು, ಡಯಾಲಿಸಿಸ್‌ಗೆ ಗಡಿ ದಾಟುವವರು ಯಾರು ಎಂಬುದು ಗುರಿಕಾರರಿಗೆ ಗೊತ್ತಿರುತ್ತದೆ. ಮನೆಯವರ ಒಪ್ಪಿಗೆ ಪಡೆದು ಆ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೂ ಕೊಡುವುದು ಒಳ್ಳೆಯದು. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡನ್ನು ಇಲ್ಲಿ ಯಾರೂ ಮರೆತಿಲ್ಲ.

ಬಲಿಪೂಜೆಯಲ್ಲಿ ಪರಮಪ್ರಸಾದವನ್ನು (ಪವಿತ್ರಗೊಳಿಸಿದ ರೊಟ್ಟಿಯನ್ನು) ನಾಲಿಗೆಯ ಮೇಲಿಡದೆ ಕೈಗೆ ಕೊಡುವುದು, ಶಾಂತಿಯ ವಂದನೆಯನ್ನು ಕೈಮುಗಿದು ಸಲ್ಲಿಸುವುದು, ತೀರ್ಥದ ಪಾತ್ರೆಯನ್ನು ಖಾಲಿಯಿಡುವುದು ಕಷ್ಟವೇನಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮಾತೆ ಮರಿಯಳ ಜನ್ಮದಿನದಂದು, ಚರ್ಚಿನಲ್ಲಿ ಹಂಚುವ ಹೊಸ ಭತ್ತದ ತೆನೆಗೆ ಜನ ಮುಗಿಬೀಳುವುದನ್ನು ತಡೆಯುವುದು ಮಾತ್ರ ಕಷ್ಟ. ಅದನ್ನೂ ಗುರಿಕಾರರ ಕೈಯಲ್ಲೇ ಮನೆಗಳಿಗೆ ಕಳುಹಿಸಬಹುದು.

ಪಾಪನಿವೇದನೆಗೆ ಗುರುಗಳು ಸಿಗದಿದ್ದರೆ ಗತಿಯೇನು ಎಂಬ ಅಳಲು ರೋಗಿಗಳಲ್ಲಿ ಆಳವಾಗಿರುತ್ತದೆ. ಮನಃಪೂರ್ವಕವಾಗಿ ಪಶ್ಚಾತ್ತಾಪಪಟ್ಟು, ಸಾಧ್ಯವಾದೊಡನೆ ಪಾಪನಿವೇದನೆ ಮಾಡುವ ಸಂಕಲ್ಪವಿದ್ದರೆ ಕ್ಷಮೆಯುಂಟೆಂದು ವ್ಯಾಟಿಕನ್ 2020ರ ಮಾರ್ಚ್ 20ರಂದು ನೆನಪಿಸಿತ್ತು. ಇದನ್ನು ಪ್ರವಚನದಲ್ಲಿ ಒಮ್ಮೆ ಹೇಳಿ ಬಿಟ್ಟರೆ ಸಾಲದು, ರೋಗಿಗೆ ಫೋನ್ ಮಾಡಿ ಹೇಳಬೇಕು. ಆದರೆ ಫೋನಿನಲ್ಲೇ ಪಾಪನಿವೇದನೆ ಕೇಳುವಂತಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಶವಸಂಸ್ಕಾರ. ಕಥೋಲಿಕ ಧರ್ಮಸಭೆ 1963ರಿಂದಲೇ ದಹನಕ್ಕೆ ಅವಕಾಶ ಕೊಟ್ಟಿದೆ. ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಸೂಚಿಸಿದೆ. ಕೇರಳದ ಆಲಪ್ಪುಳ ಧರ್ಮಪ್ರಾಂತ್ಯವು 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡವರನ್ನು ಚರ್ಚಿನ ಸ್ಮಶಾನದಲ್ಲೇ ದಹಿಸಿ, ಬೂದಿಯನ್ನು ಅಲ್ಲೇ ಹೂಳಲು ಅನುಮತಿಸಿತ್ತು. ಈ ವಿಷಯವನ್ನು ಸಾವಿನ ಮನೆಯಲ್ಲಿ ಮೊದಲ ಬಾರಿಗೆ ಎತ್ತಬಾರದು. ಎಲ್ಲರೂ ಆರೋಗ್ಯವಾಗಿರುವಾಗಲೇ ವಾಳೆಯ ಸಭೆಗಳಲ್ಲಿ ವಿವರಿಸಿರಬೇಕು.